ಪಟ್ಟದ ಗೊಂಬೆ ಮಲಗಿಸಿದ ವರ್ಷ

ನವಮಿಯ ಮಧ್ಯಾಹ್ನ ಬೂದುಗುಂಬಳಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು. ಪುರೋಹಿತರು ಕತ್ತಿ ಎತ್ತಿದಾಗ ಢಾಕ್ ಬಾರಿಸುವವರು ಕೈ ನಿಲ್ಲಿಸಿದರು. ಅದು ಇಳಿದ ಕ್ಷಣ ಅಷ್ಟೂ ಡೋಲುಗಳು ಒಟ್ಟಿಗೆ ಸಿಡಿದವು. ಹೋಳುಗಳ ಮೇಲೆ ಸುರಿದ ಕುಂಕುಮಕ್ಕೆ ನೀರು ಬೆರೆತು ಕಲ್ಲಿನ ಅಂಗಳದಲ್ಲಿ ಕೆಂಪಗೆ ಹರಿದು, ನಿಂತವರ ಕಾಲ್ಬೆರಳುಗಳಿಗೆ ತಾಗಿತು. ಎರಡನೇ ಏಟು ಬೇಕಾದರೆ ಮನೆಗೆ ಕೇಡು ಎಂದು ಅಲ್ಲಿಯವರು ನಂಬುತ್ತಾರೆ. ಎರಡನೇ ಏಟು ಬೇಕಾಗಲಿಲ್ಲ. ಆಮೇಲೆ ನಡೆದದ್ದಕ್ಕೆ ಒಂದು ಶಕುನವನ್ನಾದರೂ ಹುಡುಕೋಣ ಎಂದು ನಾನು ಆ ದಿನವನ್ನು ಎಷ್ಟೋ ಸಲ ತಡಕಿದ್ದೇನೆ. ಅಂಥದ್ದೇನೂ ಅದರಲ್ಲಿ ಇರಲಿಲ್ಲ.

"ನೋಡ್ದೇನೇ ರತ್ನಾ?" ಎಂದು ನನ್ನ ಗಂಡ ಡೋಲಿನ ಸದ್ದಿನ ಮೇಲೆ ನನ್ನ ಕಿವಿಗೆ ಕೂಗಿದರು. "ನಮ್ಮೂರಲ್ಲಿ ಲಾರಿ ಮುಂದೆ ಒಡೀತೀವಿ, ಇವ್ರು ಕತ್ತೀಲಿ ಕಡೀತಾರೆ. ಎರಡು ಕಡೇನೂ ಸಾಯೋದು ಮಾತ್ರ ಕುಂಬಳಕಾಯೇ."

ಅವರ ಹೆಸರು ಶ್ರೀಕಂಠ. ನಂಜನಗೂಡಿನವರು. ಇಲ್ಲಿ ರೈಲ್ವೆಯ ಪಾರ್ಸಲ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹತ್ತನೇ ತರಗತಿ ಮುಗಿಸಿ ಮೈಸೂರಿನಲ್ಲಿ ಮನೆಯಲ್ಲಿದ್ದ ನಾನು ಅವರನ್ನು ಮದುವೆಯಾಗಿ ಕಲ್ಕತ್ತೆಗೆ ಬಂದೆ. ಲೇಕ್ ಮಾರ್ಕೆಟ್ಟಿನ ಹಿಂದೆ ಬಾಡಿಗೆ ಮನೆ. ಕೆಳಗಿಳಿದರೆ ಕಾಫಿ ಪುಡಿ, ಬಾಳೆಎಲೆ, ಕರಿಬೇವು ಎಲ್ಲ ಸಿಗುತ್ತಿದ್ದುದರಿಂದ ನನಗೆ ಬಂಗಾಳಿ ಕಲಿಯುವ ಕಷ್ಟ ಬಹಳ ವರ್ಷ ಬರಲೇ ಇಲ್ಲ. ಇವರದೂ ಅದೇ ಕತೆ. ಹಿಂದಿಗೆ ಬಂಗಾಳಿಯ ಬಾಲ ಹಚ್ಚಿ, ನಡುವೆ ನಗು ಸೇರಿಸಿ ಕೆಲಸ ಸಾಗಿಸುತ್ತಿದ್ದರು. ಬಂಗಾಳಿ ಸರಿಯಾಗಿ ಬರುತ್ತಿದ್ದುದು ನಮ್ಮ ಮಗಳು ಚೈತ್ರಾಗೆ ಮಾತ್ರ. ಅವಳು ಹುಟ್ಟಿ ಬೆಳೆದದ್ದೇ ಇಲ್ಲಿ.

ಚೈತ್ರಾ ಆ ವರ್ಷ ಉತ್ತರ ಕಲ್ಕತ್ತೆಯ ಒಂದು ಹಳೆಯ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಸುತ್ತಲಿನವರು ಅದನ್ನು ‘ಬೊಡೊ ಬಾಡಿ’ ಅನ್ನುತ್ತಾರೆ, ದೊಡ್ಡ ಮನೆ ಎಂದು. ಜಮೀನ್ದಾರರ ಮನೆ. ಮೇಲಂತಸ್ತಿನಲ್ಲಿ ಎಂಬತ್ತು ದಾಟಿದ ಯಜಮಾನಿ ಇದ್ದಾರೆ. ಎಲ್ಲರಿಗೂ ಅವರು ಮಾಶಿಮಾ, ಚಿಕ್ಕಮ್ಮ. ಕೆಳಗಿನ ಕೋಣೆಗಳನ್ನು ಮ್ಯೂಸಿಯಂ ಮಾಡಿದ್ದಾರೆ. ಒಂದು ಪಲ್ಲಕ್ಕಿ, ಬೆಲ್ಜಿಯಂ ಗಾಜಿನ ದೀಪಗಳು, ಬೇಟೆಯಾಡಿದ ಹುಲಿಯ ತಲೆ, ಗಾಜಿನ ಪೆಟ್ಟಿಗೆಯಲ್ಲಿ ಕತ್ತಿಗಳು. ನವಮಿಯ ದಿನ ಆ ಪೆಟ್ಟಿಗೆ ತೆರೆಯುತ್ತದೆ. ಹಿಂದೆ ಅದೇ ಕತ್ತಿಯಲ್ಲಿ ಕೋಣ ಕಡಿಯುತ್ತಿದ್ದರಂತೆ, ಆಮೇಲೆ ಮೇಕೆ, ಮಾಶಿಮಾ ಸೊಸೆಯಾಗಿ ಬಂದ ಮೇಲೆ ಕುಂಬಳಕಾಯಿ. ಬಂದವರಿಗೆಲ್ಲ ಇದನ್ನು ವಿವರಿಸುವುದು ಚೈತ್ರಾಳ ಕೆಲಸವಾಗಿತ್ತು.

ಹಬ್ಬದ ಐದು ದಿನ ಮ್ಯೂಸಿಯಂಗೆ ಎಲ್ಲರಿಗೂ ಪ್ರವೇಶ. ಆ ವರ್ಷ ಊರಿನಲ್ಲಿರುವ ಬೇರೆ ಬೇರೆ ರಾಜ್ಯದವರು ತಮ್ಮ ಹಬ್ಬವನ್ನೂ ಅಲ್ಲಿ ತೋರಿಸಬೇಕೆಂದು ಮಾಶಿಮಾ ಬಯಸಿದರು. ಚೈತ್ರಾ ಒಂದು ಸಂಜೆ ಮನೆಗೆ ಬಂದು ಬ್ಯಾಗ್ ಇಳಿಸುವ ಮೊದಲೇ ಹೇಳಿದಳು:

"ಅಮ್ಮಾ, ನಮ್ಮ ಗೊಂಬೆ ಕೊಡ್ತೀಯಾ? ಹೋಲ್ ಉತ್ತರದ ವೆರಾಂಡಾ ನಮಗೆ. ಮೈಸೂರು ದಸರಾ. ಮಾಶಿಮಾ ಇಸ್ ಸೋ ಎಕ್ಸೈಟೆಡ್."

"ಪಟ್ಟದ ಗೊಂಬೆ ಆಚೆ ಕಳಿಸಲ್ಲ," ಎಂದೆ.

"ಕಳಿಸೋದ್ಯಾಕೆ, ಅದರ ಜೊತೆ ನಾವೂ ಹೋದ್ರಾಯ್ತು," ಅಂದರು ಇವರು. ಪಾರ್ಸಲ್ ಕಟ್ಟುವ ಹುರುಪು ಆಗಲೇ ಕೈಗೆ ಬಂದಿತ್ತು.

ಪಟ್ಟದ ಗೊಂಬೆಗಳೆಂದರೆ ರಾಜ, ರಾಣಿ. ರಕ್ತಚಂದನದ ಮರದವು. ಮದುವೆಯಲ್ಲಿ ನನ್ನ ತಾಯಿ ಕೊಟ್ಟದ್ದು. ರಾಜನದು ಒಂದು ಮೊಳಕ್ಕಿಂತ ಉದ್ದ, ಕೈಗೆ ತೆಗೆದುಕೊಂಡರೆ ಹಸುಗೂಸಿನ ತೂಕ. ವರ್ಷಕ್ಕೊಮ್ಮೆ ಅವಕ್ಕೆ ಹೊಸ ರೇಷ್ಮೆ, ಹೊಸ ಜರತಾರಿ. ವಿಜಯದಶಮಿಯ ಸಂಜೆ ಆರತಿ ಮಾಡಿ ಮಲಗಿಸುವುದು ಎಲ್ಲರ ಮನೆಯಲ್ಲೂ ಇದೆ. ನಮ್ಮ ತಾಯಿಯ ಮನೆಯಲ್ಲಿ ಇನ್ನೊಂದು ಕಟ್ಟುಪಾಡು ಇತ್ತು. ಮಲಗಿಸಿದ ಮೇಲೆ ರಾಜನನ್ನು ಮೆತ್ತನೆಯ ಹಳೆ ಬಟ್ಟೆಯಲ್ಲಿ ಸುತ್ತಿ, ಎದೆಗೊತ್ತಿ ಎತ್ತಿಕೊಂಡು ಹೋಗಿ ಕಪಾಟಿನಲ್ಲಿ ಇಡಬೇಕು. ಅಲ್ಲಿ ಇಡುವವರೆಗೆ ಮುಖದ ಮೇಲಿನ ಬಟ್ಟೆ ಸರಿಸಬಾರದು. ಯಾರಾದರೂ ಕೇಳಿದರೆ ಗೊಂಬೆ ಅನ್ನಬಾರದು, ಮಲಗಿದ್ದಾನೆ ಅನ್ನಬೇಕು. ದೇವರಿಗೆ ಕೈ ಮುಗಿಯಲೂ ಸೋಮಾರಿತನ ಮಾಡುತ್ತಿದ್ದ ಇವರು ಇದೊಂದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. "ಅತ್ತೆ ಆರ್ಡರ್ ಕಣೇ, ಮೀರಿದ್ರೆ ಮುಂದಿನ ಸಲ ಒಬ್ಬಟ್ಟು ಸಿಗಲ್ಲ," ಅನ್ನುತ್ತಿದ್ದರು. ನನ್ನ ತಾಯಿ ತೀರಿಕೊಂಡ ಮೇಲೂ ಹಾಗೇ ಅನ್ನುತ್ತಿದ್ದರು.

ಬೊಡೊ ಬಾಡಿಯ ಗಲ್ಲಿ ಟ್ರಾಮ್ ರಸ್ತೆಗೆ ಕೂಡುವ ಮೂಲೆಯಲ್ಲಿ ನಿಮಾಯ್ ಎಂಬುವನ ಸಿಹಿತಿಂಡಿ ಅಂಗಡಿ ಇತ್ತು. ಮೊದಲ ದಿನ ‘ಮೈಸೂರು ದಸರಾ’ ಎಂಬ ನಮ್ಮ ಬೋರ್ಡು ನೋಡಿದವನು ಇವರನ್ನು ಕೇಳಿದ, ಮೈಸೂರು ಅಂದರೆ ಮಹಿಷಾಸುರನ ಊರಲ್ಲವೇ ಎಂದು. ಹೌದು, ನಮ್ಮ ಬೀದಿಯವನೇ, ಎಂದರು ಇವರು. ಅಂದಿನಿಂದ ಇವರಿಗೆ ‘ಓಶುರ್‌ದಾ’ ಎಂದು ಹೆಸರು ಬಿತ್ತು, ಅಸುರಣ್ಣ. ಬೆಳಿಗ್ಗೆ ಗಲ್ಲಿಗೆ ಕಾಲಿಟ್ಟರೆ ಸಾಕು, ಎಣ್ಣೆ ಬಾಣಲೆಯ ಹಿಂದಿನಿಂದ ಕೂಗು ಬರುತ್ತಿತ್ತು.

ನವಮಿಯ ಸಂಜೆ ಅವನ ಅಂಗಡಿಯ ಬೆಂಚಿನ ಮೇಲೆ ಕೂತು ನಾವು ಕಚೂರಿ ತಿಂದೆವು. "ತಿನ್ನಿ ಓಶುರ್‌ದಾ, ಚೆನ್ನಾಗಿ ತಿನ್ನಿ. ನಾಳೆ ನಿಮ್ಮೂರಿನವನನ್ನು ಗಂಗೆಗೆ ಹಾಕ್ತೀವಿ," ಎಂದ ನಿಮಾಯ್.

"ನಿಮ್ಮ ಗಂಗೇಲಿ ನೀರಿಗಿಂತ ಕೆಸರೇ ಜಾಸ್ತಿ. ನಮ್ಮವನು ಎದ್ದು ನಡ್ಕೊಂಡು ಬಂದ್ಬಿಡ್ತಾನೆ," ಅಂದರು ಇವರು. ಚೈತ್ರಾ ಅದನ್ನು ಬಂಗಾಳಿಗೆ ತಿರುಗಿಸಿ ಹೇಳಿದಾಗ ಬೆಂಚಿನಲ್ಲಿದ್ದವರೆಲ್ಲ ನಕ್ಕರು.

ಅಲ್ಲೇ ಒಬ್ಬರ ಮೊಬೈಲಿನಲ್ಲಿ ಒಂದು ದನಿ ಓಡುತ್ತಿತ್ತು. ಆ ತಿಂಗಳು ಊರೆಲ್ಲ ಹರಿದಾಡುತ್ತಿದ್ದ ಸುದ್ದಿ ಅದು. ಹೊರ ರಾಜ್ಯದಿಂದ ಛೇಲೆಧೊರಾ ಬಂದಿದ್ದಾರೆ, ಅಂದರೆ ಮಕ್ಕಳ ಕಳ್ಳರು. ಮಕ್ಕಳಿಗೆ ಔಷಧಿ ಕೊಟ್ಟು ಮಲಗಿಸಿ, ಬಟ್ಟೆ ಮುಚ್ಚಿ ಹೊತ್ತುಕೊಂಡು ಹೋಗುತ್ತಾರೆ, ಹಬ್ಬದ ಗದ್ದಲದಲ್ಲಿ ಎಚ್ಚರ ಎಂದು ಒಬ್ಬ ಹೆಂಗಸು ಅಳುತ್ತ ಹೇಳುತ್ತಿದ್ದಳು. ಚೈತ್ರಾ, "ಫೇಕ್ ಅಪ್ಪಾ, ಇದೇ ಆಡಿಯೋ ಲಾಸ್ಟ್ ಇಯರ್ ಕೂಡ ಬಂದಿತ್ತು," ಎಂದಳು. ಇವರು ಕಚೂರಿಗೆ ಇನ್ನಷ್ಟು ಆಲೂಗಡ್ಡೆ ಪಲ್ಯ ಹಾಕಿಸಿಕೊಂಡರು.

ನಮಗೆ ಏನೂ ಆಗದ ಕೊನೆಯ ದಿನ ಅದು.

ದಶಮಿಯ ದಿನ ಬಿಸಿಲು ಚುಚ್ಚುತ್ತಿತ್ತು. ಬೆಳಗಿನಿಂದಲೇ ಗಾಳಿ ನಿಂತು, ತೆಂಗಿನ ನಾರು ಮತ್ತು ಧೂಪದ ಹೊಗೆ ಅಂಗಳದಲ್ಲೇ ಕಟ್ಟಿಕೊಂಡು ಎಲ್ಲರ ಕಣ್ಣೂ ಕೆಂಪಾಗಿದ್ದವು. ಆ ಹೊಗೆಗೆ ಇಲ್ಲಿ ಧುನೊ ಅನ್ನುತ್ತಾರೆ. ಈಗ ನಮ್ಮ ಬೀದಿಯ ಯಾವುದಾದರೂ ಅಂಗಡಿಯಲ್ಲಿ ಸಂಜೆ ಅದನ್ನು ಹಾಕಿದರೆ ನಾನು ಕಿಟಕಿ ಮುಚ್ಚಿ ಒಳಗಿನ ಕೋಣೆಗೆ ಹೋಗುತ್ತೇನೆ. ಆದರೂ ಬರುತ್ತದೆ.

ಸಂಜೆಯ ಹೊತ್ತಿಗೆ ಗೊಂಬೆಗಳಿಗೆ ಆರತಿ ಮಾಡಿದೆ. ಜೋಗುಳ ಹಾಡಿದೆ. ಮಾಶಿಮಾ ಕುರ್ಚಿ ಹಾಕಿಸಿಕೊಂಡು ಕೊನೆಯವರೆಗೆ ನೋಡಿದರು. ರಾಜನನ್ನು ಸುತ್ತಲು ನಾನು ಇವರ ಹಳೆ ಪಂಚೆ ತೆಗೆದಾಗ ಅವರು ತಲೆ ಅಲ್ಲಾಡಿಸಿ ಒಳಗೆ ಹೇಳಿಕಳಿಸಿದರು. ಒಂದು ಕಾಂಥಾ ಬಂತು. ಉಟ್ಟು ಮೆತ್ತಗಾದ ಸೀರೆಗಳನ್ನು ಪದರವಾಗಿ ಇಟ್ಟು ಹೊಲಿದ ಹೊದಿಕೆ. ಇಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಅದರಲ್ಲೇ ಸುತ್ತುತ್ತಾರೆ. "ನನ್ನ ಮಕ್ಕಳೆಲ್ಲ ಇದರಲ್ಲೇ ಮಲಗಿದವರು. ನಿಮ್ಮ ರಾಜನೂ ಮಲಗಲಿ," ಎಂದರು. ಆ ಊರಿನಲ್ಲಿ ಅಷ್ಟು ವರ್ಷ ಇದ್ದರೂ ಯಾರ ಮನೆಯ ಹಳೆ ಬಟ್ಟೆಯೂ ನನ್ನ ಕೈಗೆ ಹೀಗೆ ಬಂದಿರಲಿಲ್ಲ.

ರಾಜನನ್ನು ಇವರು ಎತ್ತಿಕೊಂಡರು. ರಾಣಿ ನನ್ನ ಚೀಲದಲ್ಲಿದ್ದಳು. ಹೊರಡಬೇಕು ಅನ್ನುವಷ್ಟರಲ್ಲಿ ಮಾಶಿಮಾ ನನ್ನ ಕೈ ಹಿಡಿದರು. ದೇವಿಯನ್ನು ಕಳಿಸುವ ಮೊದಲು ಮುತ್ತೈದೆಯರು ಒಬ್ಬರಿಗೊಬ್ಬರು ಸಿಂದೂರ ಬಳಿಯುತ್ತಾರೆ. ಅದನ್ನು ಬಿಟ್ಟು ಹೋಗುವುದುಂಟೇ ಎಂದರು.

"ಆಡು ಕಣೇ," ಎಂದರು ಇವರು. "ನಾನು ಯುವರಾಜನ್ನ ಕರ್ಕೊಂಡು ಮೂಲೇಲಿ ಟ್ಯಾಕ್ಸಿ ನೋಡ್ತಿರ್ತೀನಿ. ಮಗಳನ್ನ ಕರ್ಕೊಂಡು ಬಾ. ಹಾಂ, ಮುಖ ತೊಳೀಬೇಡ, ಮನೇಲಿ ಫೋಟೋ ತೆಗೀತೀನಿ."

"ರಾಜ ಕಣ್ರೀ, ಯುವರಾಜ ಅಲ್ಲ."

"ಹೊದ್ದಿರೋದ್ ನೋಡಿದ್ರೆ ಯುವರಾಜನೇ."

ಎಡಗೈ ಮಡಿಕೆಯಲ್ಲಿ ಅದರ ತಲೆ ಇಟ್ಟುಕೊಂಡು, ಬಲಗೈಯಲ್ಲಿ ಬೆನ್ನು ತಟ್ಟುತ್ತ ದೊಡ್ಡ ಬಾಗಿಲು ದಾಟಿ ಹೋದರು. ನಾನು ಅವರ ಬೆನ್ನು ನೋಡಿದೆ.

ಅಂಗಳದಲ್ಲಿ ಹೆಂಗಸರ ಕೂಗು, ಢಾಕ್, ಶಂಖ. ಯಾರ್ಯಾರೋ ನನ್ನ ಕೆನ್ನೆಗೆ, ಹಣೆಗೆ, ಕೊರಳಿಗೆ ಸಿಂದೂರ ಬಳಿದರು. ನಾನೂ ಬಳಿದೆ. ದೇವಿಯನ್ನು ಬಿದಿರಿನ ಮೇಲೆ ಏರಿಸಿ ಗಲ್ಲಿಗೆ ಇಳಿಸಿದಾಗ ‘ಬರುವ ವರ್ಷ ಮತ್ತೆ ಆಗಲಿ’ ಎಂಬ ಘೋಷಣೆ ಎದ್ದಿತು. ಅದರ ನಡುವೆಯೇ ಯಾರೋ ಒಳಗೆ ಓಡಿಬಂದು, ಮೂಲೆಯಲ್ಲಿ ಛೇಲೆಧೊರಾ ಸಿಕ್ಕಿಬಿದ್ದಿದ್ದಾನೆ, ಕೂಸಿನ ಸಮೇತ ಹಿಡಿದಿದ್ದಾರೆ ಎಂದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಕೆಂಪು ಕೈ ಎತ್ತಿ, "ಕೈ ಮುರಿಯಲಿ ಅವನದು," ಎಂದಳು. ನಾನು ಚೈತ್ರಾಳನ್ನು ಕೇಳಿದೆ:

"ಮಗೂಗೆ ಏನೂ ಆಗಿಲ್ವಂತಾ?"

ಅವಳು ಆ ಮನುಷ್ಯನನ್ನು ಕೇಳಿದಳು. ಅವನು ಹೇಳಿದ, ಕೂಸು ಅಲ್ಲಾಡುತ್ತಿಲ್ಲ, ಬಹುಶಃ ಸತ್ತಿದೆ, ಕಾಂಥಾದಲ್ಲಿ ಸುತ್ತಿದ್ದ ಎಂದು.

ಮಗಳು ಆ ಮಾತನ್ನು ನನಗೆ ಕನ್ನಡಕ್ಕೆ ತಿರುಗಿಸಿ ಹೇಳಲಿಲ್ಲ. ನನ್ನ ಕೈ ಹಿಡಿದು ಎಳೆದುಕೊಂಡು ಓಡಿದಳು.

ಗಲ್ಲಿಯ ತುಂಬ ದೇವಿ ಇದ್ದಳು. ಬಿದಿರಿನ ಕೆಳಗೆ ನುಸುಳಿ, ಹೊತ್ತವರ ಬೆವರಿನ ಬೆನ್ನುಗಳನ್ನು ತಳ್ಳಿ ಮುಂದೆ ಹೋದೆವು. ಟ್ರಾಮ್ ಹಳಿಯ ಹತ್ತಿರ ಜನರ ಗೋಡೆ. ಕೈಗಳು ಎದ್ದು ಇಳಿಯುತ್ತಿದ್ದವು. ಪೆಂಡಾಲಿನಿಂದ ಕಿತ್ತ ಬಿದಿರು, ಇಟ್ಟಿಗೆ, ಬೆಲ್ಟು. ಕೆಲವರು ಒಂದು ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದು ಇನ್ನೊಂದರಲ್ಲಿ ಹೊಡೆಯುತ್ತಿದ್ದರು. ಹಬ್ಬಕ್ಕೆ ಕೊಂಡ ಹೊಸ ಅಂಗಿಗಳು, ಕೆಲವಕ್ಕೆ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಚೈತ್ರಾ ಬಂಗಾಳಿಯಲ್ಲಿ ಕಿರುಚುತ್ತ ಅವರ ಬೆನ್ನಿಗೆ ಗುದ್ದಿದಳು, ಒಬ್ಬನ ತೋಳನ್ನು ಕಚ್ಚಿದಳು. ಅವನು ತಿರುಗಿ ಅವಳ ಮುಖಕ್ಕೆ ಹೊಡೆದ. ಆಮೇಲೆ ನನ್ನನ್ನು ನೋಡಿದ. ನನ್ನ ಮುಖದ ತುಂಬ ಇದ್ದ ಕೆಂಪು ನೋಡಿ ಏನು ತಿಳಿದನೋ, ಹಿಂದೆ ಸರಿದ. ಅವನ ಜೊತೆ ಇನ್ನೊಬ್ಬ ಸರಿದ. ಹೀಗೆ ನನಗೆ ದಾರಿ ಆಯಿತು.

ಇವರು ಹಳಿಯ ಮೇಲೆ ಒಂದು ಪಕ್ಕಕ್ಕೆ ಬಿದ್ದಿದ್ದರು. ಒಂದು ಕಣ್ಣು ಇರಲಿಲ್ಲ. ತುಟಿ ಹರಿದು ಹಲ್ಲು ಹೊರಗೆ ಬಂದಿದ್ದವು. ಎರಡು ತೋಳುಗಳೂ ಇನ್ನೂ ಏನನ್ನೋ ಎತ್ತಿಕೊಂಡಿರುವ ಹಾಗೆ ಎದೆಯ ಮೇಲೆ ಮಡಿಚಿದ್ದವು. ಮಧ್ಯೆ ಏನೂ ಇರಲಿಲ್ಲ. ಕಾಂಥಾ ದೂರದಲ್ಲಿ ಜನರ ಕಾಲಡಿಗೆ ಸಿಕ್ಕಿತ್ತು. "ರೀ," ಎಂದೆ. ಉಸಿರು ಗುಳುಗುಳು ಅನ್ನುತ್ತಿತ್ತು. ನನ್ನ ಸೀರೆಯ ಸೆರಗನ್ನು ಅವರ ತಲೆಗೆ ಒತ್ತಿ ಹಿಡಿದೆ. ಒತ್ತಿದಲ್ಲಿ ಮೂಳೆ ಒಳಕ್ಕೆ ಹೋಯಿತು.

ಅಲ್ಲಿದ್ದ ಟ್ಯಾಕ್ಸಿಯವನು ಹತ್ತಿಸಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಮಾಶಿಮಾ ಕೋಲೂರಿಕೊಂಡು ಗಲ್ಲಿಯ ಬಾಯಿಗೆ ಬಂದಿದ್ದರು. ದೇವಿಗಾಗಿ ಕಾದಿದ್ದ ಲಾರಿಯನ್ನು ತೋರಿಸಿ, ಇವರನ್ನು ಅದರಲ್ಲಿ ಹಾಕಿ ಎಂದರು. ಅವರ ಮೈದುನನ ಮಗ, ದೇವಿಯನ್ನು ಒಮ್ಮೆ ಇಳಿಸಿದ ಮೇಲೆ ಮತ್ತೆ ಒಳಗೆ ಒಯ್ಯುವ ಹಾಗಿಲ್ಲ ಎಂದು ಏನೋ ಹೇಳಹೊರಟ.

"ಅವಳು ಬೀದಿಯಲ್ಲೇ ನಿಲ್ಲಲಿ," ಎಂದರು ಮಾಶಿಮಾ. "ಅವಳ ಮುಂದೇ ಅಲ್ಲವೇ ಇದು ಆದದ್ದು?"

ದೇವಿಗೆ ಹಾಸಿದ್ದ ಹುಲ್ಲಿನ ಮೇಲೆ ಇವರನ್ನು ಮಲಗಿಸಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ನರ್ಸ್ ಹತ್ತಿ ಹಿಡಿದು ಮೊದಲು ನನ್ನ ಹತ್ತಿರ ಬಂದಳು, ಎಲ್ಲಿ ಪೆಟ್ಟಾಗಿದೆ ಎಂದು ಕೇಳುತ್ತ. ನನ್ನ ಮುಖ ಒರೆಸಿದಳು, ಗಾಯ ಸಿಗಲಿಲ್ಲ. ಇದು ಸಿಂದೂರ ಎಂದು ನಾನು ಹೇಳುವ ಹೊತ್ತಿಗೆ ಡಾಕ್ಟರು ಇವರ ಮೇಲಿನಿಂದ ಕೈ ತೆಗೆದಿದ್ದರು.

ಮೂವರನ್ನು ಹಿಡಿದರು. ಒಬ್ಬ ಸೆಕ್ಟರ್ ಫೈವಿನಲ್ಲಿ ಕಂಪ್ಯೂಟರ್ ಕೆಲಸದವನು, ಒಬ್ಬ ಕಸ್ಬಾದ ಮಾಲಿನಲ್ಲಿ ಬಟ್ಟೆ ಮಾರುವವನು, ಇನ್ನೊಬ್ಬ ಓದುತ್ತಿದ್ದ. ಪೊಲೀಸ್ ಠಾಣೆಯಲ್ಲಿ ಅಧಿಕಾರಿ ಒಳ್ಳೆಯವರಂತೆಯೇ ಮಾತಾಡಿದರು. ಕಾಗದ ನೋಡಿಕೊಂಡು ಹಿಂದಿಯಲ್ಲಿ ಕೇಳಿದರು.

"ಯಾರ ಮಗು ಎಂದು ಕೇಳಿದರಂತೆ. ನಿಮ್ಮ ಯಜಮಾನರು ನಕ್ಕು, ರಾಜಾ, ಘುಮೋಚ್ಛೆ ಅಂದರಂತೆ. ರಾಜ, ಮಲಗಿದ್ದಾನೆ ಎಂದು. ಬಟ್ಟೆ ತೆಗಿ ಅಂದರೆ ತೆಗೆಯಲಿಲ್ಲವಂತೆ. ಮರದ ಗೊಂಬೆ ಮಲಗಿದೆ ಎಂದು ಯಾರಾದರೂ ಯಾಕೆ ಹೇಳುತ್ತಾರೆ, ಮೇಡಂ?"

"ನಮ್ಮಲ್ಲಿ ಹಾಗೇ ಹೇಳಬೇಕು," ಎಂದೆ.

"ಬಟ್ಟೆ ತೆಗೆದು ತೋರಿಸಬಹುದಿತ್ತಲ್ಲ?"

"ನಮ್ಮಲ್ಲಿ ತೆಗೆಯಲ್ಲ."

ಅವರು ಪೆನ್ನನ್ನು ಕಾಗದದ ಮೇಲೆ ಇಟ್ಟರು. ಇದನ್ನು ಹೇಗೆ ಬರೆಯುವುದು ಎಂದು ನನ್ನನ್ನೇ ಕೇಳಿದರು. ಚೈತ್ರಾ ಊದಿದ ತುಟಿಯಲ್ಲಿ ಬಂಗಾಳಿಯಲ್ಲಿ ಹೇಳಿ ಬರೆಸಿದಳು.

ಆಮೇಲೆ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟು, ಇದೇನಾ ಎಂದು ಕೇಳಿದರು. ರಾಜನ ಕಿರೀಟ ಮುರಿದಿತ್ತು, ಮೂಗು ಹೋಗಿತ್ತು. ತಲೆಯಿಂದ ಎದೆಯವರೆಗೆ ಸೀಳು. ಸೀಳಿನಲ್ಲಿ ಇವರ ಕೂದಲು ಅಂಟಿತ್ತು. ರಕ್ತಚಂದನದ ಮರ ಬಲು ಗಟ್ಟಿ, ಕೈಯಿಂದ ಬಿದ್ದರೆ ಸೀಳುವಂಥದ್ದಲ್ಲ. ಅದನ್ನು ಕಾಲ ಕಡೆ ಹಿಡಿದು ಬೀಸಿದ್ದರು.

ಅಂದರೆ ಬಟ್ಟೆ ಜಾರಿ ಅದು ಗೊಂಬೆ ಎಂದು ಅವರಿಗೆ ಗೊತ್ತಾಗಿತ್ತು. ಕೂಸು ಇಲ್ಲವೆಂದು ಗೊತ್ತಾದ ಮೇಲೆ, ಆ ಗೊಂಬೆಯನ್ನೇ ಎತ್ತಿಕೊಂಡು ಹೊಡೆದರು. ನನಗೆ ಇದು ತಿಳಿದದ್ದು ಆ ಮೇಜಿನ ಮುಂದೆ. ಅಧಿಕಾರಿಗೂ ತಿಳಿದಿತ್ತು. ಅವರು ದನಿ ತಗ್ಗಿಸಿ ಹೇಳಿದರು, ಇದು ಜನರ ಕಾಲಡಿ ಸಿಕ್ಕಿ ಒಡೆಯಿತು, ರಕ್ತ ಅಲ್ಲಿ ತಾಗಿತು ಎಂದು ಆರೋಪಿಗಳ ವಕೀಲರು ಹೇಳುತ್ತಾರೆ. ಕಳ್ಳನೆಂದು ನಂಬಿ ಆವೇಶದಲ್ಲಿ ಹೊಡೆದರು, ಕೂಸನ್ನು ಉಳಿಸಲು ಹೋದರು ಎಂದೂ ಹೇಳುತ್ತಾರೆ. ಗೊಂಬೆ ಎಂದು ತಿಳಿದ ಮೇಲೂ ಹೊಡೆದದ್ದನ್ನು ಕಣ್ಣಾರೆ ಕಂಡವರು ಒಬ್ಬರಾದರೂ ಬಂದು ಹೇಳಬೇಕು. ಮೊಬೈಲಿನ ಚಿತ್ರಗಳಲ್ಲಿ ಬರೀ ಬೆನ್ನುಗಳಿವೆ.

ಲೇಕ್ ಮಾರ್ಕೆಟ್ಟಿನ ನಮ್ಮ ಜನ ಬಂದರು. ಅನ್ನ ಸಾರು ತಂದರು, ಚಿತಾಗಾರಕ್ಕೆ ಬಂದರು, ಕಚೇರಿಯ ಕೆಲಸಗಳಿಗೆ ಓಡಾಡಿದರು. ಅವರಿಗೆ ನಾನು ಋಣಿ. ಆದರೂ ಹದಿಮೂರನೆಯ ದಿನ ಊಟಕ್ಕೆ ಕೂತವರಲ್ಲಿ ಒಬ್ಬರು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.

"ಕೂಸಿನ್ ಥರ ಎತ್ಕೊಂಡ್ ಹೋಗೋದ್ ಯಾಕ್ ಬೇಕಿತ್ತು? ಒಂದು ಚೀಲಕ್ಕೆ ಹಾಕ್ಕೊಂಡಿದ್ರೆ ಆಗ್ತಿತ್ತು."

ಬಡಿಸುತ್ತಿದ್ದ ಚೈತ್ರಾ ಸಾರಿನ ಪಾತ್ರೆಯನ್ನು ಅವರ ಎಲೆಯ ಮುಂದೆ ಕುಕ್ಕಿದಳು. ಸಾರು ಅವರ ಪಂಚೆಗೆ ಹಾರಿತು. "ಅಂಕಲ್," ಎಂದಳು, "ಅಪ್ಪ ಲೈಫ್ ಪೂರ್ತಿ ಬೇರೆಯವರ ಚೀಲ ಹೊರಿಸಿದ್ರು. ರಾಜನ್ನ ಚೀಲಕ್ಕೆ ಹಾಕಲ್ಲ ಅವ್ರು. ನೀವು ಊಟ ಮಾಡಿ." ಅಷ್ಟು ಉದ್ದದ ಕನ್ನಡವನ್ನು ಅವಳು ಒಂದೇ ಉಸಿರಿನಲ್ಲಿ ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಜನ ಮೊಬೈಲಿನಲ್ಲಿ ತೆಗೆದ ವೀಡಿಯೊಗಳನ್ನು ಅವಳು ಒಂದೊಂದಾಗಿ ಹುಡುಕಿ ಇಟ್ಟುಕೊಂಡಿದ್ದಳು. ನನಗೆ ತೋರಿಸುತ್ತಿರಲಿಲ್ಲ. ಕಾಳಿಪೂಜೆ ಹತ್ತಿರ ಬಂದು ಪಟಾಕಿಗಳು ಶುರುವಾದ ಒಂದು ಮಧ್ಯಾಹ್ನ ಬಂದು ನನ್ನ ಪಕ್ಕ ಕೂತಳು.

"ಅಮ್ಮಾ, ಒಂದು ಕೇಳಿಸ್ತೀನಿ. ನೋಡ್ಬೇಡ, ಕಣ್ಣು ಮುಚ್ಕೋ. ಜಸ್ಟ್ ಕೇಳು."

ಢಾಕ್ ಕೇಳಿಸಿತು. ಬರುವ ವರ್ಷ ಮತ್ತೆ ಆಗಲಿ ಎಂಬ ಘೋಷಣೆ ಕೇಳಿಸಿತು. ಬೈಗುಳಗಳು, ಥಡ್ ಥಡ್ ಎಂದು ಹಸಿ ಬಟ್ಟೆ ಒಗೆಯುವಂಥ ಸದ್ದು. ಅದರ ಅಡಿಯಲ್ಲಿ ಇವರ ದನಿ. "ನಿಮಾಯ್‌ದಾ! ಓ ನಿಮಾಯ್‌ದಾ! ನಿಮಾಯ್‌ದಾ, ಇವರಿಗೆ ಹೇಳಪ್ಪಾ!" ಕೊನೆಯದು ಕನ್ನಡ. ಆಮೇಲೆ ಸದ್ದು ಮಾತ್ರ.

ನಾನು ಕಣ್ಣು ತೆರೆದೆ. ಅವಳು ಚಿತ್ರವನ್ನು ನಿಲ್ಲಿಸಿದ್ದಳು. ಬೆನ್ನುಗಳ ಆಚೆ ನಿಮಾಯ್‌ನ ಅಂಗಡಿ ಕಾಣುತ್ತಿತ್ತು. ದೀಪ ಉರಿಯುತ್ತಿತ್ತು. ಬಾಣಲೆಯ ಹಿಂದೆ ಅವನು ಜಾಲರಿ ಸೌಟು ಹಿಡಿದು ನಿಂತಿದ್ದ.

ಅಂದೇ ಹೋದೆವು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಇದ್ದರು. ನಮ್ಮನ್ನು ನೋಡಿದವನೇ ಅವನು ಬೆಂಚು ಒರೆಸಿದ. ನನ್ನನ್ನು ಬೌದಿ, ಅತ್ತಿಗೆ, ಎಂದು ಕರೆದು, ಕೂತುಕೊಳ್ಳಿ, ಚಹಾ ಕುಡಿಯಿರಿ ಎಂದ. ಅವನ ಗಡ್ಡ ಬೆಳೆದಿತ್ತು. ಚೈತ್ರಾ ನಿಂತೇ ಬಂಗಾಳಿಯಲ್ಲಿ ಕೇಳಿದಳು.

"ಅಪ್ಪ ನಿಮ್ಮನ್ನು ಕರೆದರು. ಕೇಳಿಸಲಿಲ್ಲವಾ?"

"ನಾನು ಇರಲಿಲ್ಲಮ್ಮಾ," ಎಂದ ನಿಮಾಯ್. "ಅಂಗಡಿ ಮುಚ್ಚಿ ಗಂಗೆಯ ಕಡೆ ಹೋಗಿದ್ದೆ."

ಅವಳು ಮೊಬೈಲನ್ನು ಅವನ ಮುಖದ ಹತ್ತಿರ ಹಿಡಿದಳು. ಅವನು ನೋಡಿದ. ನೋಡಿ, ಅದು ನಾನಲ್ಲ ಎಂದ. ಚೈತ್ರಾ ಹೊಡೆದಳು. ಕೆನ್ನೆಗೆ, ಮತ್ತೆ ಕೆನ್ನೆಗೆ, ಕಪಾಟಿನ ಗಾಜು ಒಡೆದು ಸಂದೇಶ್ ಮಿಠಾಯಿಗಳ ಮೇಲೆ ಬೀಳುವವರೆಗೆ. ಅವಳ ಅಂಗೈ ಕುಯ್ದು ರಕ್ತ ಸುರಿಯಿತು. ಅವನು ಕೈ ಎತ್ತಿ ತಡೆಯಲಿಲ್ಲ. ಗಿರಾಕಿಗಳು ಹಿಂದೆ ಸರಿದರು, ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು, ಎರಡು ಮೂರು ಮೊಬೈಲುಗಳು ಮೇಲೆದ್ದವು. ನಾನು ಮಗಳನ್ನು ಹಿಂದಿನಿಂದ ತಬ್ಬಿ ಹಿಡಿದೆ.

"ಬೌದಿ," ಎಂದು ನಿಮಾಯ್ ನನಗೆ ಮಾತ್ರ ಕೇಳುವಂತೆ ಹೇಳಿದ, "ಅವರೆಲ್ಲ ಇದೇ ಕೇರಿಯ ಹುಡುಗರು. ಜಾಮೀನಿನ ಮೇಲೆ ಬಂದಿದ್ದಾರೆ. ನಾನು ದಿನಾ ಬೆಳಿಗ್ಗೆ ಈ ಶಟರ್ ಎತ್ತಬೇಕು. ನನ್ನ ಹೆಂಡತಿ, ಮಕ್ಕಳು ಇದರ ಹಿಂದೆಯೇ ಮಲಗುತ್ತಾರೆ."

"ಹೊಡೆದವರ ಕೈಯಲ್ಲಿ ಗೊಂಬೆ ಇತ್ತಾ?" ಎಂದು ಕೇಳಿದೆ. "ಕೋರ್ಟಿಗೆ ಬೇಡ. ನನಗೆ ಹೇಳು."

ಅವನ ಬಾಯಿ ಅಲುಗಿತು. ಒಡೆದ ಗಾಜಿನ ಮೇಲೆ ಕಣ್ಣಿಟ್ಟು, "ಆಮಿ ಛಿಲಾಮ್ ನಾ," ಎಂದ. ನಾನು ಇರಲಿಲ್ಲ.

ಆಮೇಲೆ ಗಲ್ಲಿಯ ಮನೆ ಮನೆಗೂ ಹೋದೆ. ಚೈತ್ರಾಳನ್ನು ಕರೆದುಕೊಂಡು ಹೋಗಲಿಲ್ಲ. ಹೋಗಿ ಬಂದು ನನಗೂ ಬಂಗಾಳಿ ಬಂತು. ಕೆಲವರು ಕೂರಿಸಿ ನೀರು ಕೊಟ್ಟರು, ಕೆಲವರು ಬಾಗಿಲ ಸಂದಿನಿಂದಲೇ ಮಾತಾಡಿದರು. ಎಲ್ಲರೂ ಒಳಗಿದ್ದರು, ಗಂಗೆಯ ಹತ್ತಿರ ಇದ್ದರು, ಅತ್ತೆಯ ಮನೆಯಲ್ಲಿ ಇದ್ದರು. ಒಬ್ಬ ಮುದುಕಿ, ನಿನ್ನ ಗಂಡ ನಿಜವಾಗಿಯೂ ಕಳ್ಳನಲ್ಲವಾ ಎಂದು ಕೇಳಿದಳು. ಅಲ್ಲ ಎಂದೆ. ಹಾಗಾದರೆ ಯಾಕೆ ಅಷ್ಟು ಹೊಡೆದರು ಎಂದಳು. ಒಂದು ಮನೆಯ ಮಾ‌ಳಿಗೆಯಿಂದ ನನ್ನ ಮೇಲೆ ಮುಸುರೆ ನೀರು ಬಿತ್ತು. ಮೇಲೆ ನೋಡಿದರೆ ಯಾರೂ ಇರಲಿಲ್ಲ.

ಮಾಶಿಮಾ ಮಾತ್ರ ಕೋರ್ಟಿಗೆ ಬಂದರು. ಅವರ ಮೈದುನನ ಮಗ ಮನೆಯ ಹೆಸರು ಕೆಡುತ್ತದೆ, ಮ್ಯೂಸಿಯಂಗೆ ಜನ ಬರುವುದಿಲ್ಲ ಎಂದು ತಡೆದನಂತೆ. ಕಟಕಟೆಯ ಹತ್ತಿರ ಕುರ್ಚಿ ಹಾಕಿಕೊಟ್ಟರು. ಕೆಸರು ಮೆತ್ತಿದ ಕಾಂಥಾವನ್ನು ತೋರಿಸಿದಾಗ ಅವರು ಹೇಳಿದರು, ಇದು ನನ್ನದು, ನನ್ನ ಕೈಯಾರೆ ಹೊಲಿದದ್ದು, ನಾನೇ ಆ ಗೊಂಬೆಗೆ ಹೊದಿಸಿದೆ, ಅದರೊಳಗೆ ಬೇರೆ ಏನೂ ಇರಲಿಲ್ಲ ಎಂದು. ಎದುರು ವಕೀಲರು ಕೇಳಿದರು, ಟ್ರಾಮ್ ಹಳಿಯ ಹತ್ತಿರ ನಡೆದದ್ದನ್ನು ತಾವು ಕಂಡಿರಾ? ಅವರು ಕಾಣಲಿಲ್ಲ. ಕಾಣಲಿಲ್ಲ ಎಂದೇ ಹೇಳಿದರು. ಹೊರಗೆ ಬಂದು ನನ್ನ ಕೈಯನ್ನು ತಮ್ಮ ಎರಡು ಕೈಗಳ ನಡುವೆ ಹಿಡಿದುಕೊಂಡು, "ಸುಳ್ಳು ಹೇಳುವ ಆಸೆ ಆಯಿತು ಮಗಳೇ," ಎಂದರು.

ಚೈತ್ರಾ ಮ್ಯೂಸಿಯಂ ಬಿಟ್ಟಿದ್ದಾಳೆ. ಅಂಗೈಯ ಗಾಯ ಮಾಗಿದೆ, ಕಿರುಬೆರಳು ಪೂರ್ತಿ ಮಡಚುವುದಿಲ್ಲ. ಊರಿಗೆ ಹೋಗಿಬಿಡೋಣ ಎಂದು ಅವಳೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಕೇಸು ಇಲ್ಲಿದೆ.

ಈ ಸಲದ ಹಬ್ಬಕ್ಕೆ ಮಾಶಿಮಾ ಹೇಳಿಕಳಿಸಿದ್ದರು. ಒಬ್ಬಳೇ ಹೋದೆ. ಮನೆಯೊಳಗೆ ಹೋಗಲಿಲ್ಲ. ದಶಮಿಯ ಸಂಜೆ ಟ್ರಾಮ್ ರಸ್ತೆಯ ಮೂಲೆಯಲ್ಲಿ, ಜನರಿಗೆ ನನ್ನ ಮುಖ ಚೆನ್ನಾಗಿ ಕಾಣಲಿ ಎಂದು ದೀಪದ ಕೆಳಗೆ ನಿಂತಿದ್ದೆ. ದೇವಿ ಲಾರಿ ಏರಿದಳು. ಡೋಲುಗಳು ಶುರುವಾದಾಗ ಕಾಲು ಗಟ್ಟಿಯಾಗಿ ಊರಿದೆ. ಹೊಸ ಅಂಗಿಯವರು ಕುಣಿಯುತ್ತ ಹಾದುಹೋದರು. ಅವರಲ್ಲಿ ಕೆಲವರು ನನ್ನನ್ನು ಗುರುತಿಸಿದರು. ಹಾಗೆ ಗುರುತಿಸಿದವರು ಬೇಗ ಕಣ್ಣು ತಿರುಗಿಸಿದರು. ರಸ್ತೆ ಖಾಲಿಯಾಗುವವರೆಗೆ ನಿಂತು ಮನೆಗೆ ಬಂದೆ.

ರಜೆ ಮುಗಿದ ಮೇಲೆ ಕೋರ್ಟು ಮತ್ತೆ ತೆರೆಯುತ್ತದೆ. ಸರ್ಕಾರಿ ವಕೀಲರು ನನ್ನನ್ನು ಪ್ರತಿ ಸಲ ಕೇಳುವ ಪ್ರಶ್ನೆ ಒಂದೇ, ಕಣ್ಣಾರೆ ಕಂಡವರು ಯಾರಾದರೂ ಸಿಕ್ಕರಾ ಎಂದು. ಅಂದು ಅಲ್ಲಿ ಅಷ್ಟೊಂದು ಜನ ಇದ್ದರು. ನಾನು ಅಲ್ಲಿದ್ದೆ, ನೋಡಿದೆ ಎಂದು ಹೇಳುವ ಒಬ್ಬರೂ ಇನ್ನೂ ಸಿಕ್ಕಿಲ್ಲ.